ಸೈನ್ಸ್ ಒಲಿಂಪಿಯಾಡ್ ರೂಲ್ಸ್ ಮ್ಯಾನುಯಲ್: ಕಿಟ್ ಕೊಳ್ಳುವ ಮೊದಲು ಇದನ್ನು ಓದಿ ಮುಗಿಸಿ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಪ್ರಶ್ನೆ ತಪ್ಪದೆ ಬರುತ್ತವೆ: ಸೈನ್ಸ್ ಒಲಿಂಪಿಯಾಡ್‌ಗೆ ಯಾವ ಕಿಟ್ ತಗೋಬೇಕು, ಯಾವ ಕೋಚಿಂಗ್‌ಗೆ ಸೇರಿಸಬೇಕು? ಎರಡಕ್ಕೂ ಮುಂಚೆ ಬೇಕಾದ ಸಾಮಾನು ಪುಕ್ಕಟೆ ಸಿಗುತ್ತದೆ. ಸ್ಪರ್ಧೆ ನಡೆಸುವ ಸಂಸ್ಥೆಯೇ ಪ್ರತಿವರ್ಷ ಶಾಲೆ ಶುರುವಾಗುವ ಹೊತ್ತಿಗೆ ತನ್ನ ಜಾಲತಾಣದಲ್ಲಿ ಹಾಕುವ ರೂಲ್ಸ್ ಮ್ಯಾನುಯಲ್ ಅದು. ಇಲ್ಲಿ ತೂಗಿ ನೋಡಿರುವುದು ಅದನ್ನೇ, ಜೊತೆಗೆ ಅದನ್ನು ಕೈಯಲ್ಲಿ ಹಿಡಿದು ಕೊಳ್ಳಬೇಕಾದ ನಾಲ್ಕಾರು ಸಾಮಾನುಗಳನ್ನು.

ಅಂಕ ಮೊದಲೇ ಹೇಳಿಬಿಡುತ್ತೇವೆ. ಯಂತ್ರವನ್ನೋ ರಚನೆಯನ್ನೋ ಕಟ್ಟಿ ತರುವ ಇವೆಂಟ್‌ಗಳಿಗೆ (ಇವೆಂಟ್ ಎಂದರೆ ಈ ಸ್ಪರ್ಧೆಯೊಳಗಿನ ಒಂದೊಂದು ಬಿಡಿ ಪಂದ್ಯ) ಈ ಮ್ಯಾನುಯಲ್‌ಗೆ ಐದಕ್ಕೆ ಐದು, ಲ್ಯಾಬ್ ಇವೆಂಟ್‌ಗಳಿಗೆ ನಾಲ್ಕು, ಓದಿ ಬರೆಯುವ ಇವೆಂಟ್‌ಗಳಿಗೆ ಎರಡೂವರೆ.

ಊರಿನಿಂದ ಹೊಸದಾಗಿ ಬಂದವರಿಗೆ ಒಂದು ಮಾತು. ಅಲ್ಲಿ ಒಲಿಂಪಿಯಾಡ್ ಎಂದರೆ ಸಾಮಾನ್ಯವಾಗಿ ಒಬ್ಬೊಬ್ಬರೇ ಕೂತು ಬರೆಯುವ ಪರೀಕ್ಷೆ. ವಿಜ್ಞಾನ ಮೇಳ ಎಂದರೆ ಒಂದು ಮಾದರಿ ಮಾಡಿ ಅದರ ಪಕ್ಕ ನಿಂತು ವಿವರಿಸುವುದು. 1984ರಲ್ಲಿ ಶುರುವಾದ ಈ ಸ್ಪರ್ಧೆ ಎರಡೂ ಅಲ್ಲ. ಒಂದು ಟೀಮ್‌ನಲ್ಲಿ ಹೆಚ್ಚೆಂದರೆ 15 ಮಕ್ಕಳು, ಇವೆಂಟ್ 23. ಬಹುಪಾಲು ಇವೆಂಟ್‌ಗೆ ಇಬ್ಬರು, ಕೆಲವಕ್ಕೆ ಮೂವರು. ಆರರಿಂದ ಒಂಬತ್ತನೇ ತರಗತಿಯವರದು ಡಿವಿಷನ್ ಬಿ, ಒಂಬತ್ತರಿಂದ ಹನ್ನೆರಡರವರದು ಡಿವಿಷನ್ ಸಿ. ಬಿ ಟೀಮ್‌ನಲ್ಲಿ ಒಂಬತ್ತನೆಯವರು ಐವರನ್ನು ಮೀರುವಂತಿಲ್ಲ, ಸಿ ಟೀಮ್‌ನಲ್ಲಿ ಹನ್ನೆರಡನೆಯವರು ಏಳು ಮಂದಿಯನ್ನು ಮೀರುವಂತಿಲ್ಲ. ಎರಡೂ ಡಿವಿಷನ್‌ಗೆ ಮ್ಯಾನುಯಲ್ ಬೇರೆ ಬೇರೆ. ಅಣ್ಣನದು ಇದೆಯಲ್ಲ ಎಂದು ತಂಗಿಗೆ ಅದನ್ನೇ ಕೊಡಬೇಡಿ. ಇವೆಂಟ್‌ನ ಹೆಸರು ಒಂದೇ ಇದ್ದರೂ ಅಳತೆ ಬೇರೆ ಇರುತ್ತದೆ.

ಗೆಲುವಿನ ಲೆಕ್ಕ ಗಾಲ್ಫ್ ಥರ, ಕಡಿಮೆ ಬಂದವರೇ ಮೇಲು. ಒಂದು ಇವೆಂಟ್‌ನಲ್ಲಿ ಮೊದಲ ಸ್ಥಾನಕ್ಕೆ 1, ಹತ್ತನೆಯದಕ್ಕೆ 10. ಎಲ್ಲ ಸ್ಥಾನಗಳ ಮೊತ್ತ ಯಾವ ಟೀಮ್‌ನದು ಕಡಿಮೆಯೋ ಟ್ರೋಫಿ ಆ ಟೀಮ್‌ಗೆ. 40 ಟೀಮ್ ಬಂದ ಟೂರ್ನಮೆಂಟ್‌ನಲ್ಲಿ ಒಂದು ಇವೆಂಟ್‌ಗೆ ಹೋಗದೇ ಇದ್ದರೆ 41, ಅನರ್ಹರಾದರೆ 42. ಹೋಗಿ ಕೂತು ಅರ್ಧ ಪ್ರಶ್ನೆಪತ್ರಿಕೆ ತುಂಬಿದರೂ ಇಪ್ಪತ್ತೈದೋ ಮೂವತ್ತೋ ಆಗಬಹುದು. ಹೊಸ ಟೀಮ್‌ಗಳು ಎರಡು ಇವೆಂಟ್‌ನಲ್ಲಿ ಪದಕ ತಂದು ಐದು ಇವೆಂಟ್‌ ಖಾಲಿ ಬಿಡುತ್ತವೆ, ಸೋಲುವುದು ಅಲ್ಲೇ.

ಇನ್ನು ಮ್ಯಾನುಯಲ್. ಹೆಚ್ಚಿನ ಇವೆಂಟ್‌ಗಳಿಗೆ ಒಂದೋ ಎರಡೋ ಪುಟ. ಮೇಲ್ಗಡೆ ವಿವರಣೆ, ಅದರಲ್ಲೇ ಎಷ್ಟು ಜನ, ಎಷ್ಟು ಹೊತ್ತು, ಯಾವ ದರ್ಜೆಯ ಕಣ್ಣಿನ ರಕ್ಷಣೆ, ಇಂಪೌಂಡ್ ಇದೆಯೇ. ಇಂಪೌಂಡ್ ಎಂದರೆ ಬೆಳಿಗ್ಗೆಯೇ ಯಂತ್ರವನ್ನು ಒಪ್ಪಿಸಿಬಿಡುವುದು. ಆಮೇಲೆ ನಿಮ್ಮ ಸರದಿ ಬರುವವರೆಗೆ ಕೈ ಹಚ್ಚುವಂತಿಲ್ಲ. ಕೆಳಗೆ ಏನು ತರಬಹುದು, ಹೇಗೆ ಕಟ್ಟಬೇಕು, ಹೇಗೆ ಪರೀಕ್ಷಿಸುತ್ತಾರೆ, ಅಂಕ ಹೇಗೆ. ಹೋದ ವರ್ಷಕ್ಕಿಂತ ಬದಲಾದ ಮಾತುಗಳನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ಹಳೆ ಟೀಮ್‌ನವರಿಗೆ ಆ ದಪ್ಪಕ್ಷರಗಳೇ ಅರ್ಧ ಪಾಠ.

ಓದುವ ಕ್ರಮ ಹೀಗಿರಲಿ. ಇವೆಂಟ್‌ನ ಪುಟವನ್ನು ಒಂದೇ ಮಗ್ಗುಲಿಗೆ ಪ್ರಿಂಟ್ ತೆಗೆಯಿರಿ. ‘ಮಸ್ಟ್’ ಇರುವ ಸಾಲಿಗೆಲ್ಲ ಒಂದು ಬಣ್ಣ, ‘ಮಸ್ಟ್ ನಾಟ್’ಗೆ ಇನ್ನೊಂದು, ‘ಮೇ’ಗೆ ಮತ್ತೊಂದು. ಬಳಿಕ ಮಗುವೇ ಆ ಸಾಲುಗಳನ್ನು ತನ್ನ ಮಾತಿನಲ್ಲಿ, ಹೌದು–ಇಲ್ಲ ಉತ್ತರ ಬರುವ ಪ್ರಶ್ನೆಗಳನ್ನಾಗಿ ಬರೆಯಬೇಕು: ‘ಟೇಪ್ ಹಚ್ಚಿದೆಯಾ?’ ‘ಬಣ್ಣ ಬಳಿದಿದೆಯಾ?’ ಈ ಪಟ್ಟಿಯನ್ನು ಅಪ್ಪ ಅಮ್ಮ ಮಾಡಿಕೊಟ್ಟರೆ ಕೆಲಸಕ್ಕೆ ಬಾರದು. ಸ್ಪರ್ಧೆಯ ಕೋಣೆಯೊಳಗೆ ಹೋಗುವುದು ಮಕ್ಕಳು ಮಾತ್ರ.

ಮ್ಯಾನುಯಲ್‌ನ ಗುಣ ಪೂರ್ತಿ ಕಾಣುವುದು ಮರದ ರಚನೆಗಳ ಪುಟದಲ್ಲಿ. 2022, 2023ರಲ್ಲಿ ಸೇತುವೆ ಇತ್ತು, 2024, 2025ರಲ್ಲಿ ಟವರ್, 2026ಕ್ಕೆ ಗೋಡೆಗೆ ನೇತುಬೀಳುವ ಬೂಮಿಲಿವರ್. ಹೆಸರು ಬದಲಾದರೂ ಎಲುಬು ಒಂದೇ: ಮರ ಮತ್ತು ಅಂಟು ಎರಡರಿಂದಲೇ ಕಟ್ಟಿ, ಸರಪಳಿಗೆ ಬಕೆಟ್ ತೂಗಹಾಕಿ, ಮರಳು ಸುರಿದು, ಹೊತ್ತ ಭಾರವನ್ನು ರಚನೆಯ ತೂಕದಿಂದ ಭಾಗಿಸುವುದು. ಭಾರದ ಮಿತಿ 15 ಕೆ.ಜಿ.

ಇಲ್ಲಿ ಮರ ಎಂದರೆ ಏನು ಎಂಬುದಕ್ಕೇ ಮ್ಯಾನುಯಲ್ ಒಂದು ವಾಕ್ಯ ಮೀಸಲಿಟ್ಟಿದೆ. ತೊಗಟೆಯ ಒಳಗಿನ ಗಟ್ಟಿ ನಾರಿನ ಭಾಗ ಮಾತ್ರ ಮರ. ತೊಗಟೆ, ಪಾರ್ಟಿಕಲ್ ಬೋರ್ಡ್, ಅಂಗಡಿಯ ಪ್ಲೈವುಡ್, ಕಾಗದ, ಮರದ ಪುಡಿಗೆ ಅಂಟು ಕಲಸಿ ಮಾಡಿದ್ದು ಯಾವುದೂ ಇಲ್ಲ. ಬಿದಿರೂ ಇಲ್ಲ. ನಮ್ಮವರು ಎಡವುವುದು ಇಲ್ಲಿಯೇ, ಯಾಕೆಂದರೆ ಹಗುರವಾಗಿ ಗಟ್ಟಿಯಾಗಿರಬೇಕು ಎಂದ ಕೂಡಲೇ ನಮಗೆ ನೆನಪಾಗುವುದು ಬಿದಿರು. ಅಡುಗೆಮನೆಯ ಬಿದಿರು ಕಡ್ಡಿಯೊಂದನ್ನು ಮೂಲೆಯಲ್ಲಿ ಸಿಕ್ಕಿಸಿದರೂ ನಿಯಮ ಮುರಿದಂತೆ. ಸೆಲ್ಲೋ ಟೇಪ್ ಅಂಟಲ್ಲ. ಹೆಸರು ಬರೆದ ಚೀಟಿ ಹಚ್ಚುವಂತಿಲ್ಲ. ನಿಯಮ ಮೀರಿದ ರಚನೆಯನ್ನು ಕೆಳಗಿನ ಟಿಯರ್‌ಗೆ, ಅಂದರೆ ಕೆಳ ಶ್ರೇಣಿಗೆ, ಹಾಕುತ್ತಾರೆ; ಅದು ಪೂರ್ತಿ 15 ಕೆ.ಜಿ. ಹೊತ್ತರೂ, ನಿಯಮದೊಳಗಿದ್ದು ಮೂರು ಕೆ.ಜಿ.ಗೆ ಮುರಿದ ರಚನೆಗಿಂತ ಕೆಳಗೇ ನಿಲ್ಲುತ್ತದೆ.

ಇಷ್ಟು ಓದಿಕೊಂಡು ಬಾಲ್ಸಾ ಎಂಬ ಹಗುರ ಮರದ ಕಡ್ಡಿ ಮಾರುವ ಅಂಗಡಿಗೆ ಹೋಗಿ. ಆದರೆ ಅದಕ್ಕೂ ಮೊದಲು 0.01 ಗ್ರಾಂ ತೋರಿಸುವ ತಕ್ಕಡಿ ಕೊಳ್ಳಿ, ಈ ಪಟ್ಟಿಯಲ್ಲಿ ದುಡ್ಡಿಗೆ ಸರಿಯಾದ ಬೆಲೆ ಕೊಡುವ ಸಾಮಾನು ಅದೇ. ಬಾಲ್ಸಾ ಕಡ್ಡಿಗಳು ನೋಡಲು ಅವಳಿ ಜವಳಿ, ತೂಕದಲ್ಲಿ ಹಾಗಲ್ಲ. ಎಂಟನೇ ಒಂದು ಇಂಚು ಚೌಕದ, 36 ಇಂಚು ಉದ್ದದ ಕಡ್ಡಿಯ ಗಾತ್ರ ಸುಮಾರು 9.2 ಘನ ಸೆಂಟಿಮೀಟರ್. ಮರ ಹಗುರವಾಗಿದ್ದರೆ ಅದು 0.9 ಗ್ರಾಂ ತೂಗುತ್ತದೆ, ಭಾರದ್ದಾದರೆ 1.8 ಗ್ರಾಂ ದಾಟುತ್ತದೆ. ಒಂದೇ ಕಟ್ಟಿನಲ್ಲಿ ಎರಡೂ ಇರುತ್ತವೆ. ಪ್ರತಿಯೊಂದನ್ನೂ ತೂಗಿ, ತೂಕವನ್ನು ಪೆನ್ಸಿಲ್‌ನಲ್ಲಿ ತುದಿಗೆ ಬರೆದು (ಕಟ್ಟುವಾಗ ಆ ತುದಿಯನ್ನು ಕತ್ತರಿಸಿ ಹಾಕಿ), ಗುಂಪು ಮಾಡಿ. ಆಮೇಲೆ ಒಂದೇ ತೂಕದವುಗಳನ್ನು ಎರಡು ಪುಸ್ತಕಗಳ ನಡುವೆ ಅಡ್ಡ ಇಟ್ಟು, ನಡುವೆ ಒಂದೇ ಸಣ್ಣ ಭಾರ ತೂಗುಬಿಟ್ಟು ಎಷ್ಟು ಬಗ್ಗುತ್ತದೆ ನೋಡಿ. ಕಡಿಮೆ ಬಗ್ಗಿದ್ದು ಕಾಲಿಗೆ, ಉಳಿದದ್ದು ಅಡ್ಡಪಟ್ಟಿಗೆ.

ಟವರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದರ ಕಾಲು ಸಾಧಾರಣವಾಗಿ ಜಜ್ಜಿ ಮುರಿಯುವುದಿಲ್ಲ, ಬಿಲ್ಲಿನ ಹಾಗೆ ಹೊರಕ್ಕೆ ಬಾಗಿ ಮುರಿಯುತ್ತದೆ. ಎರಡು ಅಡ್ಡಪಟ್ಟಿಗಳ ನಡುವಿನ ಅಂತರ ದುಪ್ಪಟ್ಟಾದರೆ ಕಾಲು ತಾಳುವ ಭಾರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಇದು ಆಯ್ಲರ್ ಸೂತ್ರದ ಲೆಕ್ಕ. ಹಾಗಾಗಿ ಕಾಲನ್ನು ದಪ್ಪ ಮಾಡುವ ಮೊದಲು ಅಡ್ಡಪಟ್ಟಿಯ ಅಂತರ ನೋಡಿ. 15 ಕೆ.ಜಿ. ನಾಲ್ಕು ಕಾಲಿಗೆ ಹಂಚಿದರೆ ತಲಾ 3.75 ಕೆ.ಜಿ., ಕಾಲು ಓರೆ ಇದ್ದಷ್ಟೂ ಅದಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಕಾಲು ಅರ್ಧ ಮಿಲಿಮೀಟರ್ ಗಿಡ್ಡವಾದರೂ ಈ ಹಂಚಿಕೆ ಕೆಡುತ್ತದೆ. ಮೂರೇ ಕಾಲು ಹೊರುತ್ತವೆ, ರಚನೆ ತಿರುಚಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ಅಂಟಿಸದೆ, ಜಿಗ್ (ಕಡ್ಡಿಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಅಚ್ಚು) ಮಾಡಿಕೊಂಡು ಅದರೊಳಗೆ ಅಂಟಿಸಬೇಕು ಎನ್ನುವುದು ಇದಕ್ಕೇ.

ಅಂಟಿಗೆ ಸಿಎ, ಅಂದರೆ ಸೂಪರ್ ಗ್ಲೂ ಜಾತಿಯದು, ತೆಳುವಾದದ್ದು. ಬಿಗಿಯಾಗಿ ಕೂತ ಜೋಡಣೆಯೊಳಕ್ಕೆ ತಾನೇ ಹರಿದುಹೋಗುತ್ತದೆ, ಒಂದು ಹನಿ ಸಾಕು. ಸಂದು ಬಿಟ್ಟ ಜೋಡಣೆಗೆ ಅದು ಆಗದು. ಹನಿ ಮೇಲೆ ಹನಿ ಹಾಕಿದರೆ ತೂಕ ಏರುತ್ತದೆಯೇ ಹೊರತು ಬಲ ಬಾರದು, ಮರವನ್ನೇ ಮತ್ತೆ ಕತ್ತರಿಸಿ ಕೂರಿಸಿ. ಕಿಟಕಿ ತೆಗೆದಿರಲಿ. ಹತ್ತಿಬಟ್ಟೆಯ ಮೇಲೆ ಸಿಎ ಚೆಲ್ಲಿದರೆ ಸುಡುವಷ್ಟು ಬಿಸಿ ಹುಟ್ಟುತ್ತದೆ, ಹತ್ತಿಯ ಕೈಗವಸು ಹಾಕಿಸಬೇಡಿ.

ಈ ಪುಟದಲ್ಲಿ ಮಕ್ಕಳು ಕಡೆಗಣಿಸುವ ಲೆಕ್ಕವೊಂದಿದೆ. 10 ಗ್ರಾಂನ ಟವರ್ 15 ಕೆ.ಜಿ. ಹೊತ್ತರೆ 1500. 8 ಗ್ರಾಂನದು 12 ಕೆ.ಜಿ.ಗೆ ಮುರಿದರೂ 1500. 20 ಕೆ.ಜಿ. ಹೊರಬಲ್ಲ 13 ಗ್ರಾಂನದಕ್ಕೆ ಲೆಕ್ಕ ಸಿಗುವುದು 15 ಕೆ.ಜಿ.ಗೆ ಮಾತ್ರ, ಅಂದರೆ 1154ರ ಹತ್ತಿರ. ‘ನಮ್ಮದು ಮುರಿಯಲೇ ಇಲ್ಲ’ ಎಂದು ಖುಷಿಯಾಗಿ ಬರುವ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕು: ಮುರಿಯದ ಟವರ್‌ನಲ್ಲಿ ಇನ್ನೂ ತೆಗೆಯಬಹುದಾದ ಮರ ಇದೆ. ಬುಡದ ಅಗಲದಂಥ ಷರತ್ತು ಪೂರೈಸಿದರೆ ಆಯಾ ವರ್ಷದ ನಿಯಮದಂತೆ ಬೋನಸ್ ಸೇರುತ್ತದೆ; ಅದಕ್ಕೆ ಎಷ್ಟು ಗ್ರಾಂ ಮರ ಜಾಸ್ತಿ ಬೇಕು ಎಂದು ತೂಗಿ ನೋಡಿಯೇ ಅದರ ಬೆನ್ನು ಹತ್ತಿ.

ಮರಳು ಸುರಿಯುವುದನ್ನೂ ಅಭ್ಯಾಸ ಮಾಡಿಸಬೇಕು. ರಚನೆ ಇಟ್ಟು, ಬಕೆಟ್ ತೂಗುಹಾಕಿ, ಸುರಿದು ಮುಗಿಸಲು ಸಿಗುವುದು 6 ನಿಮಿಷ. 15 ಕೆ.ಜಿ. ಒಣ ಮರಳು ಸುಮಾರು 10 ಲೀಟರ್ ಆಗುತ್ತದೆ, ಐದು ಗ್ಯಾಲನ್ ಬಕೆಟ್‌ನ ಅರ್ಧ. ಬಕೆಟ್ ತೂಗಾಡಲು ಶುರುವಾದರೆ ಒಳ್ಳೆಯ ಟವರ್ ಕೂಡ ಪಕ್ಕಕ್ಕೆ ಎಳೆದುಕೊಂಡು ಬೀಳುತ್ತದೆ. ಬಕೆಟ್‌ನ ಓಲಾಟ ತಡೆಯಲು ತುದಿಗೆ ಸ್ಪ್ರಿಂಗ್ ಇರುವ ಕೋಲು ಬಳಸಲು ಮ್ಯಾನುಯಲ್ ಅವಕಾಶ ಕೊಟ್ಟಿದೆ. ಒಬ್ಬರು ಕೋಲು ಹಿಡಿದು, ಇನ್ನೊಬ್ಬರು ಒಂದೇ ಎತ್ತರದಿಂದ, ಬಕೆಟ್‌ನ ನಟ್ಟನಡುವೆ ಸುರಿಯುವುದನ್ನು ರೂಢಿ ಮಾಡಿಸಿ. ಮನೆಯಲ್ಲಿ ಮುರಿಸುವಾಗ ಫೋನಿನಲ್ಲಿ ಸ್ಲೋಮೋಷನ್ ಇಡಿ. ಕಾಲು ಬಿಲ್ಲಾಗಿ ಬಾಗಿದರೆ ಅಡ್ಡಪಟ್ಟಿ ಹತ್ತಿರ ತರಬೇಕು, ಜೋಡಣೆ ಬಿಟ್ಟುಕೊಂಡರೆ ಅಂಟಿನ ಅಥವಾ ಕತ್ತರಿಸುವ ದೋಷ, ಇಡೀ ಟವರ್ ತಿರುಚಿದರೆ ಕಾಲಿನ ಉದ್ದ ನೋಡಿ. ಬರಿಗಣ್ಣಿಗೆ ಎಲ್ಲವೂ ಒಂದೇ ‘ಟಪ್’.

ಬಾಲ್ಸಾ ಗಾಳಿಯ ತೇವ ಹೀರಿಕೊಳ್ಳುತ್ತದೆ. ಒಣ ಕೋಣೆಯಲ್ಲಿ ತೂಗಿದ್ದು ಮಳೆ ಬಂದ ದಿನ ತೂಗಿದರೆ ಹೆಚ್ಚಿಗೆ ತೋರಿಸುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಸ್ಪರ್ಧೆಗೂ ಅದರಲ್ಲೇ ಒಯ್ಯಿರಿ.

ರಬ್ಬರ್ ಬ್ಯಾಂಡ್‌ನಲ್ಲಿ ಹಾರುವ ವಿಮಾನ, ಹೆಲಿಕಾಪ್ಟರ್‌ಗಳ ಪುಟದಲ್ಲಿ ಕಣ್ಣು ತಪ್ಪುವುದು ಹಾರಾಟದ ದಾಖಲೆಯ ಮೇಲೆ. ಸ್ಪರ್ಧೆಗೆ ಮುಂಚೆ ಕನಿಷ್ಠ 10 ಹಾರಾಟ, ಪ್ರತಿಯೊಂದಕ್ಕೂ ಆರು ಅಳತೆ. ಅದರಲ್ಲಿ ಮೂರು ಕಡ್ಡಾಯ: ರಬ್ಬರಿನ ಗಾತ್ರ, ಸುತ್ತಿದ ಸುತ್ತು ಅಥವಾ ಟಾರ್ಕ್ (ತಿರುಚುವ ಬಲ), ಹಾರಿದ ಸಮಯ. ಹಾಳೆ ಇಲ್ಲದಿದ್ದರೆ ಎಷ್ಟು ಹೊತ್ತು ಹಾರಿದರೂ ಅಂಕ ಕತ್ತರಿ. ಹಿಂದಿನ ರಾತ್ರಿ ಕೂತು ಹತ್ತು ಸಾಲು ಹುಟ್ಟಿಸುವ ಮನೆಗಳೂ ಇವೆ. ಅಂಕಿ ನೋಡಿದರೆ ಗೊತ್ತಾಗಿಬಿಡುತ್ತದೆ.

ಟಿಪ್ಪಣಿಯ ನಿಯಮವನ್ನು ಪ್ರತಿ ಇವೆಂಟ್‌ಗೂ ಬೇರೆಯಾಗಿ ಓದಲೇಬೇಕು. ಕೆಲವಕ್ಕೆ ಎರಡು ಇಂಚಿನ ಮೂರು ರಿಂಗ್ ಬೈಂಡರ್. ಅಳೆಯುವುದು ರಿಂಗಿನ ಒಳವ್ಯಾಸವನ್ನು, ಬೆನ್ನಿನ ಅಗಲವನ್ನಲ್ಲ. ಅಂಗಡಿಯಲ್ಲಿ ಅಳತೆಪಟ್ಟಿ ಹಿಡಿದೇ ಕೊಳ್ಳಿ. ಬೈಂಡರ್‌ನಲ್ಲಿ ಟ್ಯಾಬ್ ಇರಬಹುದು. ಇನ್ನು ಕೆಲವಕ್ಕೆ ಎಂಟೂವರೆ–ಹನ್ನೊಂದು ಇಂಚಿನ ಹಾಳೆ ಮಾತ್ರ, ಎರಡೂ ಬದಿ ಬರೆಯಬಹುದು. ಅದರ ಮೇಲೆ ಚೀಟಿ, ಲೇಬಲ್ ಅಂಟಿಸುವಂತಿಲ್ಲ. ಗುಪ್ತಲಿಪಿ ಬಿಡಿಸುವ ಕೋಡ್‌ಬಸ್ಟರ್ಸ್, ಪ್ರಯೋಗ ರೂಪಿಸುವ ಎಕ್ಸ್‌ಪೆರಿಮೆಂಟಲ್ ಡಿಸೈನ್‌ಗೆ ಮನೆಯಿಂದ ಟಿಪ್ಪಣಿಯೇ ಇಲ್ಲ. ಸೂಕ್ಷ್ಮದರ್ಶಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಹಾಳೆ ತುಂಬಿಸಿ ಕೊಡುವ ಪೋಷಕರಿದ್ದಾರೆ. 50 ನಿಮಿಷದ ಪರೀಕ್ಷೆಯಲ್ಲಿ ಅದರೊಳಗೆ ಹುಡುಕಲು ಹೊತ್ತಿರುವುದಿಲ್ಲ. ಮಗು ತಾನೇ ಬರೆದ ಹಾಳೆಯಲ್ಲಿ ಮಾತ್ರ ಯಾವ ಮೂಲೆಯಲ್ಲಿ ಏನಿದೆ ಎಂಬ ನೆನಪು ಇರುತ್ತದೆ.

ಕಣ್ಣಿನ ರಕ್ಷಣೆಯ ಕನ್ನಡಕದ ವಿಷಯ. ಗಟ್ಟಿ ವಸ್ತು ಸಿಡಿಯುವ ಇವೆಂಟ್‌ಗೆ ಬಿ ದರ್ಜೆ, ರಾಸಾಯನಿಕ ಚಿಮ್ಮುವಲ್ಲಿ ಸಿ ದರ್ಜೆ. ಚೌಕಟ್ಟಿನ ಮೇಲೆ ಸುರಕ್ಷತಾ ಮಾನದಂಡದ ‘ಝಡ್87’ ಗುರುತು ಇರಬೇಕು, ಬಿ ದರ್ಜೆಗಾದರೆ ‘ಝಡ್87+’. ಸಿ ದರ್ಜೆಗೆ ಗಾಳಿರಂಧ್ರ ನೇರವಾಗಿ ತೆರೆದಿರಕೂಡದು: ಹೊರಗಿನಿಂದ ರಂಧ್ರದಲ್ಲಿ ಇಣುಕಿದರೆ ಒಳಗೆ ಕಾಣುತ್ತದೆ ಎಂದಾದರೆ ಆ ಕನ್ನಡಕ ಬೇಡ. ಮಗು ದಿನವೂ ಕನ್ನಡಕ ಹಾಕುವುದಾದರೆ ಅದರ ಮೇಲೆ ಕೂರುವಂಥದ್ದನ್ನೇ, ಹಾಕಿಸಿ ನೋಡಿ ತನ್ನಿ. ಲ್ಯಾಬ್ ಇವೆಂಟ್‌ಗಳಿಗೆ ಉದ್ದ ಪ್ಯಾಂಟು, ಮುಚ್ಚಿದ ಶೂ, ಏಪ್ರನ್ ಅಥವಾ ಲ್ಯಾಬ್ ಕೋಟು ಇತ್ಯಾದಿ ಮ್ಯಾನುಯಲ್‌ನಲ್ಲಿ ಸ್ಪಷ್ಟವಾಗಿದೆ, ಅದರಂತೆ ಮಾಡಿದರಾಯಿತು.

ಮ್ಯಾನುಯಲ್ ಕೈಕೊಡುವುದು ಎಲ್ಲಿ ಎಂದರೆ, ನಿಯಮ ಹೇಳುತ್ತದೆ, ತಯಾರಿ ಹೇಳುವುದಿಲ್ಲ. ‘ರೈಟ್ ಇಟ್ ಡು ಇಟ್’ ನೋಡಿ. ಒಬ್ಬರು ಕಣ್ಣೆದುರಿನ ವಸ್ತುವನ್ನು 25 ನಿಮಿಷದಲ್ಲಿ ಬರೆದಿಡಬೇಕು, ಚಿತ್ರ ಬಿಡಿಸುವಂತಿಲ್ಲ. ಅದನ್ನು ನೋಡದ ಇನ್ನೊಬ್ಬರು ಆ ಬರಹ ಓದಿ 20 ನಿಮಿಷದಲ್ಲಿ ಅದನ್ನೇ ಕಟ್ಟಬೇಕು. ನಿಯಮ ಓದಲು ಎರಡು ನಿಮಿಷ ಸಾಕು, ಪಳಗಲು ಇಡೀ ವರ್ಷ ಬೇಕು. ಫೋನಿನಲ್ಲಿ ರಂಗೋಲಿ ಹೇಳಿಕೊಡುವವರು ಮೊದಲು ಚುಕ್ಕಿ ಎಣಿಸಿ ಹೇಳುವ ಹಾಗೆ, ಇಲ್ಲೂ ಜೋಡಿ ಮೊದಲು ದಿಕ್ಕು ಮತ್ತು ಲೆಕ್ಕವನ್ನು ಒಪ್ಪಂದ ಮಾಡಿಕೊಳ್ಳಬೇಕು: ಎದುರು ಯಾವುದು, ಎಡ ಯಾರ ಎಡ, ಸ್ಟ್ರಾ ತುದಿಯಿಂದ ಎಷ್ಟು ಅಗಲ ಬಿಟ್ಟು. ‘ಸ್ವಲ್ಪ ಓರೆಯಾಗಿ’ ಎಂದು ಬರೆದರೆ ಕಟ್ಟುವವರಿಗೆ ಏನೂ ತಿಳಿಯದು. ‘ಗಡಿಯಾರದ ಎರಡು ಗಂಟೆಯ ದಿಕ್ಕಿಗೆ’ ಎಂದರೆ ತಿಳಿಯುತ್ತದೆ. ವಾರಕ್ಕೊಮ್ಮೆ ಪಾತ್ರ ಅದಲು ಬದಲಾಗಲಿ.

ಕೋಡ್‌ಬಸ್ಟರ್ಸ್‌ ಪುಟವೂ ಹಾಗೇ. ಯಾವ ಯಾವ ಸೈಫರ್ (ಗುಪ್ತಲಿಪಿ) ಬರುತ್ತವೆ, ಯಾವುವು ರಾಜ್ಯ ಮತ್ತು ರಾಷ್ಟ್ರಮಟ್ಟಕ್ಕೆ ಮಾತ್ರ ಎಂಬ ಪಟ್ಟಿ ಚೆನ್ನಾಗಿದೆ. ಮೊದಲ 10 ನಿಮಿಷದೊಳಗೆ ಬಿಡಿಸುವ ಟೈಮ್ಡ್ ಪ್ರಶ್ನೆಗೆ ಸೆಕೆಂಡಿನ ಲೆಕ್ಕದಲ್ಲಿ ಬೋನಸ್, ಆದ್ದರಿಂದ ಟೀಮ್‌ನಲ್ಲಿ ಅತಿ ಚುರುಕಾದವರು ಅದನ್ನೇ ಹಿಡಿಯಲಿ, ಉಳಿದಿಬ್ಬರು ಅದರ ಕಡೆ ತಲೆ ಹಾಕದೆ ಲೆಕ್ಕದ ಸೈಫರ್‌ಗಳಿಗೆ ಹೋಗಲಿ. ಕ್ಸೆನೋಕ್ರಿಪ್ಟ್ ಎಂಬ ಸೈಫರ್‌ನ ಒಳಗಿನ ಮಾತು ಸ್ಪ್ಯಾನಿಷ್‌ನಲ್ಲಿರುತ್ತದೆ. ಶಾಲೆಯಲ್ಲಿ ಸ್ಪ್ಯಾನಿಷ್ ತೆಗೆದುಕೊಳ್ಳದ ಮಕ್ಕಳೂ ಇದನ್ನು ಬಿಡಿಸಬಹುದು. ದೆ, ಲಾ, ಕೆ, ಎಲ್, ಎನ್ ಥರದ ಚಿಕ್ಕ ಪದಗಳು ಮತ್ತು ಇ, ಎ ಅಕ್ಷರಗಳು ಪದೇಪದೇ ಬರುತ್ತವೆ ಎಂಬ ತಿಳಿವಳಿಕೆಯಿಂದ ಶುರು ಮಾಡಿದರೆ ಆಯಿತು.

ಅನಾಟಮಿ, ಖಗೋಳ, ಡಿಸೀಸ್ ಡಿಟೆಕ್ಟಿವ್ಸ್‌ನಂಥ ಓದಿನ ಇವೆಂಟ್‌ಗಳಲ್ಲಿ ಮ್ಯಾನುಯಲ್ ಕೊಡುವುದು ವಿಷಯಗಳ ಪಟ್ಟಿ ಮಾತ್ರ, ಆಳ ಎಷ್ಟು ಎಂದು ಹೇಳುವುದಿಲ್ಲ. ಎರಡೂವರೆ ಅಂಕ ಕೊಟ್ಟದ್ದು ಅದಕ್ಕೆ. ಈ ಆಳ ತಿಳಿಯಲು ಹಳೆಯ ಟೂರ್ನಮೆಂಟ್‌ಗಳ ಪ್ರಶ್ನೆಪತ್ರಿಕೆಗಳೇ ಗತಿ. ವಿದ್ಯಾರ್ಥಿಗಳು, ಹಳೆ ಸ್ಪರ್ಧಿಗಳು ಸೇರಿ ನಡೆಸುವ ಸಯೋಲಿ ಡಾಟ್ ಆರ್ಗ್‌ನಲ್ಲಿ ಬೇಕಾದಷ್ಟಿವೆ. ಆದರೆ ಅನಾಟಮಿಯಲ್ಲಿ ಅಂಗವ್ಯೂಹಗಳು ಸರದಿಯಲ್ಲಿ ಬದಲಾಗುತ್ತವೆ, ಉಳಿದ ಇವೆಂಟ್‌ಗಳಲ್ಲಿ ಯಾವ ವಿಷಯಕ್ಕೆ ಒತ್ತು ಎಂಬುದೂ ಬದಲಾಗುತ್ತದೆ. ಈ ವರ್ಷದ ಪಟ್ಟಿ ಪಕ್ಕದಲ್ಲಿಟ್ಟು, ಹಳೆ ಪತ್ರಿಕೆಯಲ್ಲಿ ಸಲ್ಲದ ಪ್ರಶ್ನೆಗಳನ್ನು ಹೊಡೆದು ಹಾಕಿಯೇ ಮಗುವಿನ ಕೈಗೆ ಕೊಡಿ.

ಇನ್ನೊಂದು ಕೊರತೆ, ಮ್ಯಾನುಯಲ್ ಪ್ರಕಟವಾದ ಮೇಲೂ ನಿಯಮ ಬದಲಾಗುತ್ತದೆ. ತಿದ್ದುಪಡಿಗಳು, ಪ್ರಶ್ನೋತ್ತರಗಳು ಜಾಲತಾಣದಲ್ಲಿ ಬೇರೆಯಾಗಿ ಬರುತ್ತವೆ, ಅವು ಅಚ್ಚಾದ ಪುಟದಷ್ಟೇ ಬಲವುಳ್ಳವು ಎಂದು ಮ್ಯಾನುಯಲ್‌ನ ಮೊದಲ ಪುಟಗಳಲ್ಲಿರುವ ಸಾಮಾನ್ಯ ನಿಯಮಗಳೇ ಹೇಳುತ್ತವೆ. ಅಕ್ಟೋಬರ್‌ನಲ್ಲಿ ತೆಗೆದ ಪ್ರಿಂಟ್ ಹಿಡಿದು ಫೆಬ್ರವರಿಯ ರೀಜನಲ್‌ಗೆ ಹೋದರೆ ಅಪಾಯ. ಪ್ರತಿ ಟೂರ್ನಮೆಂಟ್‌ನ ವಾರ ಮೊದಲು ಒಮ್ಮೆ ನೋಡಿ, ಸಂಬಂಧಪಟ್ಟ ತಿದ್ದುಪಡಿಯನ್ನು ದಿನಾಂಕ ಹಾಕಿ ಆ ಇವೆಂಟ್‌ನ ಪುಟಕ್ಕೇ ಪಿನ್ ಮಾಡಿ. ಯಾವ ಎರಡು ಇವೆಂಟ್ ಒಂದೇ ಹೊತ್ತಿಗೆ ಬರುತ್ತವೆ ಎಂಬುದೂ ಮ್ಯಾನುಯಲ್‌ನಲ್ಲಿಲ್ಲ. ಆಯಾ ಟೂರ್ನಮೆಂಟ್‌ನ ವೇಳಾಪಟ್ಟಿ ಬಂದ ಮೇಲೆಯೇ ಯಾರು ಯಾವುದಕ್ಕೆ ಎಂದು ಗಟ್ಟಿ ಮಾಡಿ.

ಕೊನೆಗೆ ಕಿಟ್. ಕಟ್ಟುವುದು ಹೇಗೆ ಎಂದೇ ಗೊತ್ತಿಲ್ಲದ ಮೊದಲ ವರ್ಷದ ಮಗುವಿಗೆ ಜಿಗ್ ಹಾಕುವುದು, ಕತ್ತರಿಸುವುದು ಕಲಿಯಲು ಒಂದು ಕಿಟ್ ಒಳ್ಳೆಯದೇ. ಆದರೆ ಕೊಳ್ಳುವ ಮೊದಲು ಅದರ ನಕ್ಷೆ ಯಾವ ವರ್ಷದ ನಿಯಮಕ್ಕೆ ಮಾಡಿದ್ದು, ಯಾವ ಡಿವಿಷನ್‌ಗೆ, ಮುಗಿದಾಗ ತೂಕ ಎಷ್ಟಾಗುತ್ತದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಆ ದುಡ್ಡಿಗೆ ತಕ್ಕಡಿ, ಕನ್ನಡಕ, ಒಂದು ಕಟ್ಟು ಬಾಲ್ಸಾ ಬರುತ್ತವೆ. ಕಟ್ಟಿ ಕೊಡುವ ಕೋಚಿಂಗ್ ಸೇವೆ, ಕಟ್ಟಿ ಕೊಡುವ ಅಪ್ಪ, ಎರಡಕ್ಕೂ ಸಾಮಾನ್ಯ ನಿಯಮಗಳಲ್ಲೇ ಬಾಗಿಲು ಹಾಕಿದೆ: ಯಂತ್ರವನ್ನು ಕಟ್ಟುವವರು, ಒಪ್ಪಿಸುವವರು, ನಡೆಸುವವರು ಆ 15 ಮಂದಿಯಲ್ಲೇ ಇರಬೇಕು. ‘ಇಲ್ಲಿ ಅಡ್ಡಪಟ್ಟಿ ಯಾಕೆ ಹಾಕಿದೆ?’ ಎಂದು ತೀರ್ಪುಗಾರರು ಕೇಳಬಹುದು, ಉತ್ತರಿಸಬೇಕಾದವರು ಮಕ್ಕಳೇ.

ಅವೇ ಮೊದಲ ಪುಟಗಳಲ್ಲಿರುವ ಇನ್ನೊಂದು ಸಾಲನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಯಂತ್ರವನ್ನು ಸ್ಪರ್ಧೆಯ ಜಾಗದಿಂದ ಹೊರಗೆ ಒಯ್ದರೆ ಅದರ ಬಗ್ಗೆ ಮೇಲ್ಮನವಿ ಸಲ್ಲುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ ಮುರಿದ ಟವರನ್ನು ಚೀಲಕ್ಕೆ ತುಂಬಿಕೊಂಡು ಓಡಬಾರದು. ತೂಕ ಎಷ್ಟು ಬರೆದಿದ್ದಾರೆ, ಹೊತ್ತ ಭಾರ ಎಷ್ಟು, ಬೋನಸ್ ಸೇರಿದೆಯಾ ಎಂದು ಅಂಕದ ಹಾಳೆಯನ್ನು ತೀರ್ಪುಗಾರರ ಜೊತೆಯಲ್ಲೇ ನೋಡಬೇಕು. ಅನುಮಾನ ಇದ್ದರೆ ಟವರನ್ನು ಅವರ ಹತ್ತಿರವೇ ಬಿಟ್ಟು, ಕೋಚ್‌ಗೆ ಹೇಳಿ, ಮೇಲ್ಮನವಿ ಬರೆದು ಕೊಡಬೇಕು.